ಅಟ್ಟದ ಮೇಲಿನ ಮೂರು ಮೆಷಿನ್ನುಗಳು

ಮೊನ್ನೆ ನನ್ನ ಹಳೆಯ ಸಿಪಿಯು ಡಬ್ಬಿಯ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಲು ಶುರುಮಾಡಿತು. ಪಕ್ಕದ ಮುಚ್ಚಳ ಬಿಚ್ಚಿ ಬ್ರಷ್ ಹಾಕಿದೆ. ಒಳಗಿಂದ ಕಂದು ಬಣ್ಣದ ತೆಂಗಿನ ನಾರಿನ ಧೂಳು ಉದುರಿತು, ಅದರ ಹಿಂದೆಯೇ ಒಂದು ವಾಸನೆ. ಕಾದ ಹೆಂಚು, ಒಣಗಿದ ಮಟ್ಟೆ, ಎಣ್ಣೆ ಬಿಡುವ ಕೊಬ್ಬರಿ, ಎಲ್ಲ ಬೆರೆತದ್ದು. ನಮ್ಮತ್ತೆಯ ಸೀರೆಗೆ ಯಾವಾಗಲೂ ಇರುತ್ತಿದ್ದ ವಾಸನೆ ಅದು. ನನಗೆ ಮೊದಲು ಬಂದದ್ದು ಸಿಟ್ಟು. ಸತ್ತವರು ಹೋಗುವುದಾದರೆ ನೆಟ್ಟಗೆ ಹೋಗಬೇಕು, ಹೀಗೆ ಫ್ಯಾನಿನ ರೆಕ್ಕೆಗೆ ಅಂಟಿಕೊಂಡು ಕೂರಬಾರದು...

ಕೆಲಸ ಅಲ್ಲಿಗೇ ನಿಂತಿತು. ಡಬ್ಬಿ ಇನ್ನೂ ಬಾಯಿ ತೆರೆದುಕೊಂಡೇ ಬಿದ್ದಿದೆ.

ನಮ್ಮದು ಶೆಟ್ಟಿಕೆರೆ ಕಡೆಯ ದಾರಿಯಲ್ಲಿರುವ ಊರು. ಅತ್ತೆಯದು ಕೊಬ್ಬರಿ ಮನೆ. ನಾನು ತುರುವೇಕೆರೆಯವಳು, ನನ್ನ ತವರಿನವರಿಗೂ ತೋಟವಿತ್ತು, ಆದರೆ ಅವರು ಕಾಯಿ ಕೆಡವಿದ ವಾರದಲ್ಲೇ ಮಾರಿ ನೆಮ್ಮದಿಯಾಗಿರುವ ಜನ. ಇಲ್ಲಿ ಹಾಗಲ್ಲ. ಕಾಯನ್ನು ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅದಕ್ಕೆ ಮುಂಚೆ ಒಡೆದರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಆ ಕಾಯುವಿಕೆ ನೋಡಿಯೇ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅತ್ತೆ ಮಾತ್ರ ದಿನಾ ಏಣಿ ಹತ್ತಿ, ಯಾವುದೋ ಒಂದು ಕಾಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಅಲ್ಲೇ ಇಟ್ಟು ಇಳಿಯುತ್ತಿದ್ದರು. ಮುಖದಲ್ಲಿ ಆಗಿದೆ ಅಂತಲೂ ಇಲ್ಲ, ಆಗಿಲ್ಲ ಅಂತಲೂ ಇಲ್ಲ.

ಅವರಿಗೆ ಲೋಕದಲ್ಲಿದ್ದ ಶತ್ರು ಒಂದೇ, ಥಂಡಿ. ಥಂಡಿ ತಾಗಿದರೆ ಕೊಬ್ಬರಿಗೆ ಬೂಸ್ಟು ಹಿಡಿಯುತ್ತದೆ, ಮಗುವಿಗೆ ಕೆಮ್ಮು ಬರುತ್ತದೆ, ಉಪ್ಪು ನೀರಾಗುತ್ತದೆ, ರೇಡಿಯೋ ಗೊರಗೊರ ಅನ್ನುತ್ತದೆ. ಹಾಗಾಗಿ ಮನೆಯಲ್ಲಿ ಬೆಲೆಬಾಳುವ ಸಾಮಾನು ಏನಿದ್ದರೂ ಅದರ ಜಾಗ ಅಟ್ಟ. ನನ್ನ ಧಾರೆ ಸೀರೆ ಅಲ್ಲಿ, ಬಿತ್ತನೆ ರಾಗಿ ಅಲ್ಲಿ, ಮಾವನ ಕೈಗಡಿಯಾರ ಅಲ್ಲಿ. ಮಾವ ನಾನು ಬರುವ ಮೊದಲೇ ಹೋಗಿದ್ದರು. ಮನೆ, ತೋಟ, ಅಟ್ಟ, ಮಗ, ಎಲ್ಲವೂ ಅತ್ತೆಯ ಕೈಯಲ್ಲೇ ಇತ್ತು. ನಾನೂ ಆ ಪಟ್ಟಿಗೆ ಸೇರಿದೆ ಅಂತ ಆಗ ಅಂದುಕೊಂಡಿದ್ದೆ.

ಮದುವೆಗೆ ಮುಂಚಿನಿಂದಲೂ ನಾನು ತುಮಕೂರಿನ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದವಳು. ಮಗಳು ಹುಟ್ಟುವಾಗ ಬಿಟ್ಟೆ. ಒಂದು ವರ್ಷಕ್ಕೆ ಅಂತ ಬಿಟ್ಟದ್ದು, ಮಗಳು ಸ್ಕೂಲಿನ ವ್ಯಾನು ಹತ್ತುವ ಹೊತ್ತಿಗೂ ಮನೆಯಲ್ಲೇ ಇದ್ದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗುಲಿಗೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. "ಅದೇನವ್ವಾ ನಿನ್ ಕಾಲ್ನಾಗೆ ಚಕ್ರ ಐತಾ?" ಅಂತ ಅತ್ತೆ ಕೇಳುತ್ತಿದ್ದರು. ಕೈಗೆ ಕೆಲಸವಿತ್ತು, ಬೇಕಾದಷ್ಟಿತ್ತು. ತಲೆಗೆ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿದಳು. ಅವಳ ಕಂಪನಿಯಲ್ಲಿ ಮನೆಯಿಂದಲೇ ಮಾಡುವ ಕೆಲಸವೊಂದಿತ್ತು. ಆದರೆ ಇಷ್ಟು ವರ್ಷ ಬಿಟ್ಟವಳನ್ನು ಬರೀ ಮಾತು ನಂಬಿ ತೆಗೆದುಕೊಳ್ಳುವುದಿಲ್ಲ, ಮಾಡಿ ತೋರಿಸಬೇಕು. ನನ್ನದೇ ಕಂಪ್ಯೂಟರಿನೊಳಗೆ ಮೂರು ವರ್ಚುವಲ್ ಮೆಷಿನ್ನುಗಳನ್ನು ಎಬ್ಬಿಸಬೇಕು. ಅಂದರೆ ಡಬ್ಬಿ ಒಂದೇ, ಒಳಗೆ ಮೂರು ಬೇರೆ ಬೇರೆ ಕಂಪ್ಯೂಟರುಗಳಿದ್ದಂತೆ. ಆ ಮೂರನ್ನೂ ಜೋಡಿಸಿ ಒಂದು ಕ್ಲಸ್ಟರ್ ಮಾಡಬೇಕು. ಅದರ ಮೇಲೆ ಒಂದು ಸಣ್ಣ ಪ್ರೋಗ್ರಾಮು ಓಡುತ್ತಿರಬೇಕು. ಅವರು ವಿಡಿಯೋದಲ್ಲಿ ನೋಡುತ್ತಾ, ಒಂದು ಮೆಷಿನ್ನನ್ನು ಕೆಡವಿ ಅನ್ನುತ್ತಾರೆ. ಕೆಡವಿದಾಗ ಅದರ ಮೇಲಿದ್ದ ಕೆಲಸ ತಾನಾಗಿಯೇ ಇನ್ನೊಂದರ ಮೇಲೆ ಎದ್ದು ನಿಲ್ಲಬೇಕು. ನಿಂತರೆ ಕೆಲಸ ನನ್ನದು.

ಯಜಮಾನರು ಆ ವರ್ಷ ಕೊಬ್ಬರಿ ಧಾರಣೆ ಬಿದ್ದು ಮುಖ ಗಂಟಿಕ್ಕಿಕೊಂಡೇ ಓಡಾಡುತ್ತಿದ್ದರು. ಆದರೂ ತಿಪಟೂರಿಗೆ ಹೋಗಿ ಹಳೆಯದೊಂದು ಸಿಪಿಯು ತಂದುಕೊಟ್ಟರು. ಕೆಟ್ಟವರೇನಲ್ಲ, ತಾಳ್ಮೆಯಿಲ್ಲ ಅಷ್ಟೆ. ಊಟಕ್ಕೆ ಕೂತಾಗ ಹೇಳಿದರು, "ನೋಡು, ಇದೊಂದ್ ಸಲ. ಆಯ್ತಾ, ಸಂತೋಷ. ಆಗ್ಲಿಲ್ವಾ, ಇನ್ಮೇಲೆ ನೀನು ಈ ಮನೇಲಿ ಈ ವಿಷ್ಯ ಎತ್ತಬಾರ್ದು. ಮಾತು ಕೊಡು." ನಾನು ಹಿಂದುಮುಂದು ನೋಡದೆ ಕೊಟ್ಟೆ. ಆಗಲ್ಲ ಅನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲ. ಅತ್ತೆ ಗೋಡೆಗೆ ಒರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

ಮರುದಿನ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು ಪರದೆ ನೋಡಿದರು. ಕಪ್ಪು ಪರದೆ, ಬಿಳಿ ಅಕ್ಷರ, ಇನ್ನೇನೂ ಇಲ್ಲ. ಏನಿದು ಅಂದರು. ಹೇಳಿದೆ.

"ಒಂದೇ ಮನೇಲಿ ಮೂರು ಒಲೆ ಹಚ್ಚಿದಂಗೆ ಅನ್ನು."

"ಹೂಂ ಅತ್ತೆ, ಹಾಗೇ."

"ಅದ್ನ ಪಾಲಾಗೋದು ಅಂತಾರೆ ಕಣವ್ವ. ನೀನು ನೋಡುದ್ರೆ ಒಗ್ಗಟ್ಟು ಅಂತೀಯ."

ಮೂರರಲ್ಲಿ ಒಂದು ಯಜಮಾನ, ಯಾರು ಏನು ಮಾಡಬೇಕು ಅಂತ ಹೇಳುತ್ತದೆ, ಉಳಿದೆರಡು ಕೆಲಸ ಮಾಡುತ್ತವೆ ಅಂದೆ. ಯಜಮಾನ ತಾನು ಏನೂ ಮಾಡಲ್ವಾ ಅಂದರು. ಇಲ್ಲ ಅಂದೆ. "ನಮ್ಮನೆ ತರಾನೇ ಬುಡು," ಅಂತ ಜಗುಲಿಯಲ್ಲಿ ಕೂತಿದ್ದ ಮಗನ ಕಡೆ ಮುಖ ತಿರುಗಿಸಿದರು. ನಾನು ಆ ದಿನ ನಕ್ಕ ಹಾಗೆ ಎಷ್ಟೋ ತಿಂಗಳಿಂದ ನಕ್ಕಿರಲಿಲ್ಲ.

ಆಮೇಲೆ ನಾನು ತವರಿನಲ್ಲಿ ಯಾವುದೋ ನಾಮಕರಣಕ್ಕೆ ಅಂತ ಹೋಗಿ ಮಾರನೆಯ ದಿನ ಬಂದೆ. ಬಂದು ನೋಡಿದರೆ ನನ್ನ ಕೋಣೆಯಲ್ಲಿ ಸಿಪಿಯು ಇಲ್ಲ! ಕಾಯಿ ಏರಿಸಲು ಬಂದಿದ್ದ ಆಳುಗಳ ಕೈಲಿ ಅತ್ತೆ ಅದನ್ನು ಅಟ್ಟಕ್ಕೆ ಏರಿಸಿದ್ದರು. "ನೆಲದ್ ಮ್ಯಾಲೆ ಇಟ್ಟಿದ್ಯಲ್ಲೇ, ಗೋಡೆ ಬೇರೆ ಥಂಡಿ ಹೊಡೀತದೆ. ಅಷ್ಟು ದೊಡ್ಡ ಸಾಮಾನು ಕೆಟ್ಟೋದ್ರೆ?" ನನಗೆ ರೇಗಿತು. ಆದರೆ ಇಂಟರ್ನೆಟ್ಟಿನ ತಂತಿ ಬರುವುದೂ ಅಟ್ಟದ ಏಣಿಯ ಪಕ್ಕದಲ್ಲೇ, ಪ್ಲಗ್ಗೂ ಅಲ್ಲೇ ಇತ್ತು. ಕೆಳಗೆ ಕೂತು ಯಜಮಾನರ ಹಳೆ ಲ್ಯಾಪ್‌ಟಾಪಿನಿಂದಲೇ ಅದರೊಳಗೆ ಹೊಕ್ಕು ಕೆಲಸ ಮಾಡಬಹುದಿತ್ತು. ಫ್ಯಾನಿನ ಗಲಾಟೆಯೂ ತಪ್ಪಿತು, ಇರಲಿ ಅಂತ ಬಿಟ್ಟೆ. ನಮ್ಮ ಸೀಮೆಯಲ್ಲಿ ಒಣ ಜಾಗ ಅಂದಮೇಲೆ ಒಳ್ಳೆಯ ಜಾಗ. ಅದನ್ನು ಪ್ರಶ್ನೆ ಮಾಡಬೇಕು ಅಂತ ಈ ಕಡೆ ಹುಟ್ಟಿ ಬೆಳೆದ ಯಾರಿಗೂ ಹೊಳೆಯುವುದಿಲ್ಲ, ನನಗೂ ಹೊಳೆಯಲಿಲ್ಲ.

ಗೋಳು ಶುರುವಾದದ್ದು ಆಮೇಲೆ. ಬೆಳಿಗ್ಗೆ ಮಗಳನ್ನು ವ್ಯಾನಿಗೆ ಹತ್ತಿಸಿ ಬಂದು ಕೂತರೆ ಎಲ್ಲ ಸಲೀಸು. ಮೂರೂ ಮೆಷಿನ್ನುಗಳು ಏಳುತ್ತಿದ್ದವು, ಒಂದನ್ನೊಂದು ಗುರುತು ಹಿಡಿಯುತ್ತಿದ್ದವು, ಕ್ಲಸ್ಟರು ಸಿದ್ಧ ಅಂತ ತೋರಿಸುತ್ತಿತ್ತು. ಮಧ್ಯಾಹ್ನ ಅನ್ನಕ್ಕಿಟ್ಟು ಬರುವಷ್ಟರಲ್ಲಿ ಒಂದು ಕಾಣೆ. ಇನ್ನೊಂದು ಉಸಿರು ಎಳೆಯುತ್ತಾ ಕೂತಿದೆ, ಕಮಾಂಡ್ ಕೊಟ್ಟರೆ ಉತ್ತರವಿಲ್ಲ. ನನ್ನದೇ ಏನೋ ತಪ್ಪು ಅಂತ ಎಲ್ಲ ಅಳಿಸಿ ಮೊದಲಿಂದ ಕಟ್ಟುತ್ತಿದ್ದೆ. ಒಂದರ ನಕಲು ತೆಗೆದು ಮೂರು ಮಾಡಿದ್ದಕ್ಕೆ ಮೂರಕ್ಕೂ ಒಂದೇ ಗುರುತು ಬಂತೋ ಅಂತ ಅನುಮಾನ. ಸರಿಮಾಡಿದೆ. ಮೆಮೊರಿ ಹಂಚಿದ್ದು ಕಡಿಮೆಯಾಯಿತೋ ಅಂತ ಅನುಮಾನ. ಅದನ್ನೂ ಬದಲಾಯಿಸಿದೆ. ಸಂಜೆ ಹೊತ್ತಿಗೆ ಎಲ್ಲ ಸರಿ, ಗೆದ್ದೆ ಅಂದುಕೊಳ್ಳುವುದು. ಮಾರನೆಯ ಮಧ್ಯಾಹ್ನ ಮತ್ತೆ ಅದೇ ರಾಮಾಯಣ. ಕನಸಿನಲ್ಲೂ ಕಪ್ಪು ಪರದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಮೈಮೇಲೆ ಬಿದ್ದ ಹಾಗೆ ಆಗುತ್ತಿತ್ತು.

"ಮತ್ತೆ ಕೆಡವ್ಬಿಟ್ಯಾ?" ಅತ್ತೆ ಬಾಗಿಲಲ್ಲಿ ನಿಂತು ಕೇಳುವರು. "ದಿನಾ ಒಡ್ದು ನೋಡ್ತಿದ್ರೆ ಹೆಂಗಾದಾತೇ? ಒಂದಿಷ್ಟು ಬುಟ್ಟು ನೋಡು." ಮಾತು ಕೇಳಲು ಚೆನ್ನಾಗಿತ್ತು. ಶುದ್ಧ ತಪ್ಪಾಗಿತ್ತು. ಬಿಟ್ಟಷ್ಟೂ ಅದು ಕೆಡುತ್ತಿತ್ತು, ಯಾಕೆ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಪರೀಕ್ಷೆ ಇದ್ದದ್ದು ಒಂದು ಸೋಮವಾರ ಮಧ್ಯಾಹ್ನ. ಅತ್ತೆ ಬೆಳಿಗ್ಗೆಯೇ ಪೂಜೆ ಮುಗಿಸಿ ನನ್ನ ಹಣೆಗೂ ಲ್ಯಾಪ್‌ಟಾಪಿನ ಬೆನ್ನಿಗೂ ವಿಭೂತಿ ಹಚ್ಚಿದರು. ಯಜಮಾನರು ಕೊಬ್ಬರಿ ಮಂಡಿಗೆ ಹೋಗದೆ ಜಗುಲಿಯಲ್ಲೇ ಉಳಿದರು. ಪರದೆಯಲ್ಲಿ ಇಬ್ಬರು ಬಂದರು, ಇಬ್ಬರೂ ನನಗಿಂತ ಚಿಕ್ಕವರು, ಮರ್ಯಾದಸ್ಥರು. ಮಾತಾಡಿಸಿದರು, ಕೇಳಿದರು, ನಾನು ತೋರಿಸಿದೆ. ಪ್ರೋಗ್ರಾಮು ಓಡುತ್ತಿತ್ತು. ಈಗ ಎರಡನೆಯ ಮೆಷಿನ್ ಕೆಡವಿ ಮೇಡಂ ಅಂದರು. ಕೆಡವಿದೆ. ಅದರ ಕೆಲಸ ಮೂರನೆಯದರ ಮೇಲೆ ಏಳಲು ಹೊರಟಿತು, ನನ್ನ ಕಣ್ಣೆದುರೇ ಹೊರಟಿತು... ಅಷ್ಟರಲ್ಲಿ ಎಲ್ಲವೂ ಹೋಯಿತು. ಒಂದಲ್ಲ, ಮೂರೂ. ಅಟ್ಟದ ಮೇಲಿನ ಡಬ್ಬಿಯೇ ಆರಿಹೋಗಿತ್ತು. ಕರೆಂಟು ಇತ್ತು, ನನ್ನ ತಲೆಯ ಮೇಲಿನ ಫ್ಯಾನು ತಿರುಗುತ್ತಿತ್ತು, ವಿಡಿಯೋದಲ್ಲಿ ಅವರ ಮುಖಗಳೂ ಇದ್ದವು. ಸ್ವಲ್ಪ ಕಾದರು. ಆಮೇಲೆ "ಆಯ್ತು ಮೇಡಂ, ತಿಳಿಸ್ತೀವಿ" ಅಂದರು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ?

ಏಣಿ ಹತ್ತಿದೆ. ಹೆಂಚಿನ ಕೆಳಗೆ ಮಧ್ಯಾಹ್ನದ ಝಳ ಮುಖಕ್ಕೆ ರಾಚಿತು. ಸಿಪಿಯು ಕಾಯಿರಾಶಿಯ ನಡುವೆ ಕೂತಿತ್ತು. ಕೆಳಗೆ ಮಡಿಸಿದ ಗೋಣಿಚೀಲ, ಗಾಳಿ ಹೊಡೆಯದಿರಲಿ ಅಂತ ಬೆನ್ನಿಗೆ ಒತ್ತಿದ ಇನ್ನೊಂದು ಗೋಣಿಚೀಲ, ಅದರ ಮೇಲೆ ಅತ್ತೆಯ ಹಳೆಯ ನೂಲಿನ ಸೀರೆ, ತಲೆಯಿಂದ ಕಾಲಿನವರೆಗೆ ಹೊದಿಸಿದ್ದು. ಬಾಣಂತಿಗೆ ಮಾಡುವ ಆರೈಕೆಯನ್ನೆಲ್ಲ ಮಾಡಿದ್ದರು. ಮುಟ್ಟಿದರೆ ಕೈ ಚುರ್ ಅಂತು. ದಿನಾ ಮಧ್ಯಾಹ್ನ ಅದು ಯಾಕೆ ಸೊರಗುತ್ತಿತ್ತು ಅಂತ ಆಗ ತಿಳಿಯಿತು. ಮೂರಲ್ಲಿ ಒಂದು ಬಿದ್ದರೆ ಎತ್ತಲು ಇನ್ನೊಂದಿರುತ್ತದೆ. ಮೂರನ್ನೂ ಹೊತ್ತಿರುವ ಡಬ್ಬಿಯೇ ಬಿಸಿಯೇರಿ ನಿಂತುಹೋದರೆ ಯಾರು ಎತ್ತಬೇಕು?

ತಿರುಗಿದರೆ ಏಣಿಯ ಮೇಲೆ ಅತ್ತೆಯ ಮುಖ.

"ಬಿಸಿ ಆಗಬಾರ್ದಿತ್ತೇನವ್ವಾ?"

"ತಣ್ಣಗಿರಬೇಕಿತ್ತು ಅತ್ತೆ."

ಅವರು ಹಾಗೇ ನಿಧಾನ ಇಳಿದು ಹೋದರು. ಅಷ್ಟು ವರ್ಷ ಒಣಗಿಸುವ ವಿಷಯದಲ್ಲಿ ಒಂದು ಸಲವೂ ತಪ್ಪದ ಹೆಂಗಸು. ನನಗೆ ಅವರ ಮೇಲೆ ಕೂಗಾಡಬೇಕು ಅನ್ನಿಸಿತ್ತು, ಆ ಮುಖ ನೋಡಿದ ಮೇಲೆ ಆಗಲಿಲ್ಲ. ಬೈಯಲಾಗದ ಸಿಟ್ಟು ಬಹಳ ಕೆಟ್ಟದ್ದು. ಯಜಮಾನರು, "ಹೋಗ್ಲಿ ಬುಡು, ಆಯ್ತಲ್ಲ," ಅಂದರು. ಆಯ್ತಲ್ಲ ಅಂದರೆ ಮುಗಿಯಿತಲ್ಲ ಅಂತ. ನಾನು ಮಾತು ಕೊಟ್ಟವಳು. ಬಾಯಿಗೆ ಬೀಗ ಹಾಕಿಕೊಂಡೆ. ಸಿಪಿಯುವನ್ನು ಮಂಚದ ಕೆಳಗೆ ತಳ್ಳಿದೆ.

ಬೀಗ ಒಂದು ವಾರವೂ ಸರಿಯಾಗಿ ಇರಲಿಲ್ಲ, ಮುರಿದದ್ದು ನಾನಲ್ಲ. ಒಂದು ಬೆಳಿಗ್ಗೆ ಯಜಮಾನರು ಮುದ್ದೆ ಮುರಿಯುತ್ತಿದ್ದಾಗ ಅತ್ತೆ ಮೊಸರು ಬಡಿಸುತ್ತಾ, "ಲೇ, ಇವಳ ಮಿಷಿನ್ ವಿಷ್ಯ ಏನ್ ಮಾಡ್ದಲಾ?" ಅಂದರು.

"ಅವ್ವಾ, ಆ ವಿಷ್ಯ ಎತ್ತಬಾರ್ದು ಅಂತ ಮಾತಾಗಿದೆ."

"ಮಾತು ಕೊಟ್ಟಿರೋಳು ಅವಳು ಕಣ್ಲಾ. ನಾನೇನ್ ಕೊಟ್ಟಿದ್ದೀನಾ?"

ಯಜಮಾನರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ದೇವರಾಣೆ, ನಾನು ಹೇಳಿಕೊಟ್ಟದ್ದಲ್ಲ.

ಅವತ್ತಿನಿಂದ ಅತ್ತೆ ಬಿಡಲಿಲ್ಲ. ಬೆಳಿಗ್ಗೆ ಎತ್ತಿದರು, ರಾತ್ರಿ ಎತ್ತಿದರು. ಮಗ ತೋಟಕ್ಕೆ ಹೋದರೆ ಬುತ್ತಿಯ ನೆಪ ಮಾಡಿಕೊಂಡು ಅಲ್ಲಿಗೇ ಹೋಗಿ ಎತ್ತಿದರು. ಕೊಬ್ಬರಿ ಸುಲಿಯುವವರು ಸಾಲಾಗಿ ಕೂತಿದ್ದಾಗ ಅವರೆದುರು ಎತ್ತಿದರು. ಚಿಕ್ಕನಾಯಕನಹಳ್ಳಿಯಿಂದ ನಾದಿನಿ ಗಂಡನ ಜೊತೆ ಬಂದಾಗ ಕಾಫಿ ಲೋಟ ಕೊಡುವ ಮೊದಲೇ ಎತ್ತಿದರು. ಮನೆಯ ಅಳಿಯನ ಮುಂದೆ ಮಾನ ಹೋಯಿತು ಅಂತ ಯಜಮಾನರು ಕಿಡಿಕಿಡಿಯಾದರು. ಅತ್ತೆ ಜಗ್ಗಲಿಲ್ಲ. "ಮಿಷಿನ್ ಕೆಡ್ಸಿದೋಳು ನಾನು. ಶಿಕ್ಷೆ ಮಾತ್ರ ಅವಳಿಗ್ಯಾಕ್ಲಾ?" ಅಂದುಬಿಟ್ಟರು, ಎಲ್ಲರೆದುರೂ. ತಪ್ಪು ಒಪ್ಪಿಕೊಂಡ ಹಾಗೂ ಇತ್ತು, ಜಗಳಕ್ಕೆ ನಿಂತ ಹಾಗೂ ಇತ್ತು. ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಕಣ್ಣು ಮಂಜಾಯಿತು. ನನ್ನ ಹೆತ್ತಮ್ಮನೂ ನನಗಾಗಿ ಹೀಗೆ ಬಾಯಿ ಮಾಡಿರಲಿಲ್ಲ. ಕೊನೆಗೊಂದು ದಿನ ಯಜಮಾನರು ಎರಡೂ ಕೈ ಎತ್ತಿ ಮುಗಿದು, "ಅತ್ತೆ ಸೊಸೆ ಏನಾದ್ರೂ ಮಾಡ್ಕಳ್ಳಿ, ನನ್ ತಲೆ ತಿನ್ಬೇಡಿ," ಅಂದರು.

ಅಷ್ಟೇ ಸಾಕಾಗಿತ್ತು. ಅತ್ತೆ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಮನೆಯೆಲ್ಲ ಓಡಾಡಿ, ಪಾದದಿಂದ ಒತ್ತಿ ಒತ್ತಿ ತಣ್ಣನೆಯ ನೆಲ ಹುಡುಕಿದರು. ಸಿಕ್ಕಿದ್ದು ನಡುಮನೆಯ ಉತ್ತರದ ಮೂಲೆ, ಕಲ್ಲು ಚಪ್ಪಡಿ ಹಾಸಿದ ಜಾಗ. ಅದು ಅವರು ಮಲಗುತ್ತಿದ್ದ ಜಾಗ. ಬೇಸಿಗೆಯಲ್ಲಿ ಬೇರೆ ಯಾರನ್ನೂ ಅಲ್ಲಿ ಮಲಗಗೊಡುತ್ತಿರಲಿಲ್ಲ. ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಇಲ್ಲಿಡು. ಥಂಡಿ ಹಿಡುದ್ರೂ ಹಿಡೀಲಿ," ಅಂದರು. ನಾನು ಬೇಡ ಅಂದದ್ದಕ್ಕೆ, "ಸುಮ್ಕಿರು, ನಂಗೆ ವಯಸ್ಸಾಯ್ತು, ಶೆಖೆ ಗೊತ್ತಾಗಲ್ಲ," ಅಂದರು. ಸುಳ್ಳು. ಆ ಬೇಸಿಗೆಯೆಲ್ಲ ಜಗುಲಿಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಾ ಹೊರಳಾಡುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು.

ಮೊದಲಿನ ಕಂಪನಿ ಮತ್ತೆ ಕರೆಯಲಿಲ್ಲ. ಬೇರೆಯದಕ್ಕೆ ಬರೆದೆ, ಇನ್ನೊಂದಕ್ಕೆ ಬರೆದೆ. ಯುಗಾದಿ ಕಳೆದ ಮೇಲೆ ಒಬ್ಬರು ಸಿಕ್ಕಿದರು, ಅವರದೂ ಹೆಚ್ಚುಕಡಿಮೆ ಅದೇ ಪರೀಕ್ಷೆ. ಅತ್ತೆ ಬಾಗಿಲಿಗೆ ಅಡ್ಡ ಕೂತು, ಬಂದವರನ್ನೆಲ್ಲ ಕೈಸನ್ನೆಯಲ್ಲೇ ವಾಪಸು ಕಳಿಸಿದರು. ಪರದೆಯಲ್ಲಿದ್ದವರು ಕೆಡವಿ ಅಂದರು, ಕೆಡವಿದೆ. ಪರದೆಯಲ್ಲಿ ಒಂದು ಸಾಲು ಕೆಂಪಾಯಿತು. ಕಾದೆ. ಕಾಯುವುದು ನನಗೆ ಬಾರದ ವಿದ್ಯೆ, ಉಗುರು ಕಚ್ಚಿ ರಕ್ತ ಬಂತು. ಆಮೇಲೆ ಕೆಳಗಿನ ಸಾಲು ಹಸಿರಾಯಿತು, ಕೆಲಸ ಇನ್ನೊಂದು ಮೆಷಿನ್ನಿನ ಮೇಲೆ ನಿಂತಿತ್ತು. ಕರೆ ಮುಗಿದದ್ದೇ ತಡ ಅತ್ತೆ ಒಳಗೆ ಬಂದರು.

"ಎದ್ದು ನಿಂತ್ಕಂತಾ?"

"ನಿಂತ್ಕಂತು ಅತ್ತೆ."

"ಹಂಗಾದ್ರೆ ಅನ್ನಕ್ಕಿಡೋಗು, ಹೊತ್ತಾಯ್ತು," ಅಂದರು. ಹಾಗನ್ನುತ್ತಾ ತಾವೇ ಹೋಗಿ ಇಟ್ಟರು.

ಕೆಲಸ ಬಂತು. ಈಗಲೂ ಅದೇ ಮಾಡುತ್ತಿದ್ದೇನೆ. ಹೊಸ ಕಂಪ್ಯೂಟರು ಬಂದಿದೆ, ಹಳೆಯದರಲ್ಲಿ ಏನಾದರೂ ಕಟ್ಟಿ ಕೆಡವಿ ನೋಡುತ್ತಿರುತ್ತೇನೆ. ಅತ್ತೆ ಹೋದ ವರ್ಷ ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಹೊರಟ ಕಾರು ಇನ್ನೂ ತಿಪಟೂರು ಮುಟ್ಟಿರಲಿಲ್ಲ... ತೋಟದಲ್ಲೇ, ಮಾವನ ಪಕ್ಕದಲ್ಲಿ ಮಣ್ಣು ಮಾಡಿದೆವು. ಕೊನೆಗೆ ಏನಾದರೂ ಹೇಳಿದರಾ ಅಂತ ಎಲ್ಲರೂ ಕೇಳಿದರು. ಏನೂ ಹೇಳಲಿಲ್ಲ. ಕಾರಿನ ಕಿಟಕಿ ಇಳಿಸು ಅಂದರು, ಅಷ್ಟೆ.

ಅವರು ಮಾಡುತ್ತಿದ್ದ ಕೆಲಸಗಳೆಲ್ಲ ಒಂದೊಂದಾಗಿ ಬೇರೆಯವರ ಹೆಗಲೇರಿವೆ. ಅಟ್ಟಕ್ಕೆ ಯಜಮಾನರು ಹತ್ತುತ್ತಾರೆ. ಹಾಲು ಕರೆಯಲು ಪಕ್ಕದ ಮನೆಯಾಕೆ ಬರುತ್ತಾಳೆ. ಪೂಜೆ ನನ್ನದು, ಹುಣಸೆಹಣ್ಣು ಮಗಳದು. ಮನೆ ನಿಂತಿಲ್ಲ, ನಡೆಯುತ್ತಿದೆ. ಅದನ್ನು ನೋಡಿದರೆ ನನಗೆ ಒಂದೊಂದು ಸಲ ಮೈಯೆಲ್ಲ ಉರಿಯುತ್ತದೆ, ಇಷ್ಟು ಸುಲಭವಾಗಿ ಹೇಗೆ ನಡೆಯುತ್ತಿದೆ ಅಂತ.

ಈಗ ಕಂಪನಿಯವರು ನನಗೆ ದೊಡ್ಡ ಜವಾಬ್ದಾರಿ ಕೊಡುತ್ತೇವೆ ಅನ್ನುತ್ತಿದ್ದಾರೆ. ಒಪ್ಪಿಕೊಂಡರೆ ಪ್ರತಿ ತಿಂಗಳೂ ಕೆಲವು ದಿನ ಅವರ ಆಫೀಸಿಗೆ ಹೋಗಿ ಇರಬೇಕು, ಮನೆ ಬಿಟ್ಟು. ಉತ್ತರ ಕೊಡುವ ದಿನ ಹತ್ತಿರ ಬಂತು. ಯಜಮಾನರಿಗೆ ಇನ್ನೂ ಹೇಳಿಲ್ಲ. ಹೇಳಲು ಬಾಯಿ ತೆರೆಯುತ್ತೇನೆ, ಸಾರು ಬಡಿಸಲಾ ಅಂತ ಕೇಳಿ ಮುಚ್ಚುತ್ತೇನೆ. ನಿನ್ನೆಯೂ ಹಾಗೇ ಆಯಿತು. ಅವರು ಮುದ್ದೆ ಮುರಿಯುತ್ತಾ ನನ್ನ ಮುಖ ನೋಡಿದರು, ಆಮೇಲೆ ಅತ್ತೆ ಕೂರುತ್ತಿದ್ದ ಗೋಡೆಯ ಕಡೆ ನೋಡಿದರು.

"ಏನೋ ಐತೆ ನಿನ್ ಮನಸ್ನಾಗೆ. ಅವ್ವ ಇದ್ದಿದ್ರೆ ಇಷ್ಟೊತ್ತಿಗೆ ಶುರು ಹಚ್ಕಂಡಿರೋಳು," ಅಂದರು. ನಗಲು ಹೋದರು, ಆಗಲಿಲ್ಲ.

ಇಬ್ಬರ ತಟ್ಟೆಯಲ್ಲೂ ಮುದ್ದೆ ಆರಿತು. ಇವತ್ತು ಬೆಳಗಿನಿಂದ ನಡುಮನೆಗೂ ಹಿತ್ತಿಲಿಗೂ ಓಡಾಡುತ್ತಿದ್ದೇನೆ. ಮಧ್ಯಾಹ್ನ ಅವರು ಊಟಕ್ಕೆ ಬರುತ್ತಾರೆ. ಈ ಮನೆಯಲ್ಲಿ ನನ್ನ ಪರವಾಗಿ ಮಾತು ಎತ್ತುವವರು ಇನ್ನು ಯಾರೂ ಇಲ್ಲ, ನಾನೇ ಎತ್ತಬೇಕು.